ಕೇಬಲ್ ತಂತಿಯಿಂದ ಸ್ಟ್ರೀಮಿಂಗ್ ಸ್ಟಿಕ್‌ವರೆಗೆ

ಇಂದು ಅನೇಕ ಮನೆಗಳಲ್ಲಿ ಟಿ.ವಿ.ಯ ಹಿಂಬದಿಗೆ ಹೆಬ್ಬೆರಳಿನ ಗಾತ್ರದ ಒಂದು ಸಾಧನವನ್ನು ಸಿಕ್ಕಿಸಿರುವುದನ್ನು ಕಾಣುತ್ತೇವೆ. ಅದಕ್ಕೆ ಸ್ಟ್ರೀಮಿಂಗ್ ಸ್ಟಿಕ್ ಎನ್ನುತ್ತಾರೆ. ಕೇಬಲ್‌ನವನಿಗೆ ತಿಂಗಳು ತಿಂಗಳು ಹಣ ಕಟ್ಟುವ ಬದಲು ಇದನ್ನು ಒಂದು ಸಲ ಕೊಂಡರೆ ಸಾಕು, ಮುಂದೆಲ್ಲ ಉಳಿತಾಯವೇ ಎಂಬ ಮಾತು ಊರೂರಲ್ಲಿ ಕೇಳಿಬರುತ್ತಿದೆ. ಈ ಮಾತು ಎಷ್ಟರಮಟ್ಟಿಗೆ ನಿಜ? ಉತ್ತರ ಬೇಕಿದ್ದರೆ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು. ಏಕೆಂದರೆ ಇಂದು ದುಬಾರಿ ಎನಿಸಿಕೊಂಡಿರುವ ಕೇಬಲ್ ಕೂಡ ಒಂದು ಕಾಲದಲ್ಲಿ ಸಾಮಾನ್ಯ ಜನರಿಗೆ ನೆರವಾಗಲೆಂದೇ ಹುಟ್ಟಿದ್ದು. ನೆರವಿಗೆ ಬಂದದ್ದು ಹೊರೆಯಾದ ಬಗೆಯನ್ನು ತಿಳಿದುಕೊಂಡರೆ, ಹೊಸ ಸಾಧನವನ್ನು ಹೇಗೆ ಬಳಸಬೇಕೆಂಬುದೂ ತಿಳಿಯುತ್ತದೆ.

ಬೆಟ್ಟದ ಮೇಲಿನ ಆಂಟೆನಾ

ಕೇಬಲ್ ಟಿ.ವಿ.ಯ ತವರು ಅಮೆರಿಕ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ದೊಡ್ಡ ನಗರಗಳಲ್ಲಿ ದೂರದರ್ಶನ ಕೇಂದ್ರಗಳು ಪ್ರಾರಂಭವಾದವು. ಕಾರ್ಯಕ್ರಮಗಳು ಗಾಳಿಯಲ್ಲಿ ಉಚಿತವಾಗಿ ಬರುತ್ತಿದ್ದವು. ಖರ್ಚನ್ನು ಜಾಹೀರಾತುದಾರರು ಭರಿಸುತ್ತಿದ್ದರು. ಆದರೆ ಟಿ.ವಿ. ತರಂಗಗಳು ಬಹುಮಟ್ಟಿಗೆ ನೇರ ರೇಖೆಯಲ್ಲಿ ಸಾಗುವುದರಿಂದ, ಬೆಟ್ಟ ಅಡ್ಡ ಬಂದರೆ ಅದರ ಆಚೆಗಿನ ಊರಿಗೆ ಚಿತ್ರ ತಲುಪುತ್ತಿರಲಿಲ್ಲ.

ಪೆನ್ಸಿಲ್ವೇನಿಯಾ ರಾಜ್ಯದ ಮಹನೋಯ್ ಸಿಟಿ ಅಂತಹ ಒಂದು ಕಲ್ಲಿದ್ದಲು ಗಣಿಯ ಊರು. ಅಲ್ಲಿ ಜಾನ್ ವಾಲ್ಸನ್ ಎಂಬವರು ವಿದ್ಯುತ್ ಉಪಕರಣಗಳ ಅಂಗಡಿ ಇಟ್ಟಿದ್ದರು. ಚಿತ್ರವೇ ಬಾರದ ಊರಿನಲ್ಲಿ ಟಿ.ವಿ. ಕೊಳ್ಳುವವರು ಯಾರು? ಅವರು ಬೆಟ್ಟದ ಮೇಲೆ ಆಂಟೆನಾ ನಿಲ್ಲಿಸಿ, ಅಲ್ಲಿಂದ ಅಂಗಡಿಗೆ ತಂತಿ ಎಳೆದರು. ಅನಂತರ ಅದೇ ತಂತಿಯಿಂದ ಗಿರಾಕಿಗಳ ಮನೆಗಳಿಗೂ ಸಂಪರ್ಕ ಕೊಟ್ಟರು. ಇದು 1948ರ ಮಾತೆಂದು ಅವರು ಹೇಳಿಕೊಂಡಿದ್ದಾರೆ. ಅದೇ ಕಾಲದಲ್ಲಿ ಆರೆಗಾನ್ ರಾಜ್ಯದ ಅಸ್ಟೋರಿಯಾ ಪಟ್ಟಣದಲ್ಲಿ ಎಡ್ ಪಾರ್ಸನ್ಸ್ ಎಂಬವರು ದೂರದ ಸಿಯಾಟಲ್ ಕೇಂದ್ರದ ಚಿತ್ರವನ್ನು ಹಿಡಿದು ನೆರೆಹೊರೆಯವರಿಗೆ ಹಂಚಿದರು. ಇವರಲ್ಲಿ ಮೊದಲಿಗರು ಯಾರೆಂಬ ವಾದ ಇನ್ನೂ ಮುಗಿದಿಲ್ಲ. ಯಾರೇ ಆಗಲಿ, ಉದ್ದೇಶ ಒಂದೇ ಆಗಿತ್ತು: ಊರಿಗೆಲ್ಲ ಒಂದು ಆಂಟೆನಾ, ಅದರ ನಿರ್ವಹಣೆಗೆ ಎಲ್ಲರಿಂದ ಸಣ್ಣ ಚಂದಾ.

ಸೇವಕ ಯಜಮಾನನಾದ ಬಗೆ

ಸುಮಾರು ಕಾಲು ಶತಮಾನ ಕೇಬಲ್ ಹೀಗೆ ಬೇರೆಯವರ ಕಾರ್ಯಕ್ರಮವನ್ನು ಸಾಗಿಸುವ ಕೆಲಸವನ್ನಷ್ಟೇ ಹೆಚ್ಚಾಗಿ ಮಾಡಿತು. 1972ರ ನವೆಂಬರ್‌ನಲ್ಲಿ ಪೆನ್ಸಿಲ್ವೇನಿಯಾದ ವಿಲ್ಕ್ಸ್-ಬಾರಿ ಪಟ್ಟಣದಲ್ಲಿ ಎಚ್‌ಬಿಒ ಎಂಬ ಚಂದಾ ವಾಹಿನಿ ಆರಂಭವಾಯಿತು. 1975ರಲ್ಲಿ ಮನಿಲಾದಲ್ಲಿ ನಡೆದ ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಅವರ ಪ್ರಸಿದ್ಧ ಬಾಕ್ಸಿಂಗ್ ಪಂದ್ಯವನ್ನು ಅದು ಉಪಗ್ರಹದ ಮೂಲಕ ತನ್ನ ಚಂದಾದಾರರಿಗೆ ತೋರಿಸಿತು. ಬೆಟ್ಟದ ಮೇಲಿನ ಆಂಟೆನಾದ ಜಾಗಕ್ಕೆ ಆಕಾಶದ ಉಪಗ್ರಹ ಬಂದಿತು. ಮರುವರ್ಷ ಟೆಡ್ ಟರ್ನರ್ ಅವರ ಅಟ್ಲಾಂಟಾ ಕೇಂದ್ರವೂ ಉಪಗ್ರಹವೇರಿತು. 1980ರಲ್ಲಿ ಅವರದೇ ಸಿಎನ್‌ಎನ್ ಸುದ್ದಿ ವಾಹಿನಿ ಪ್ರಾರಂಭವಾಯಿತು.

ಈಗ ಕೇಬಲ್‌ನಲ್ಲಿ ಗಾಳಿಯಲ್ಲಿ ಸಿಗದ ಸರಕು ಇತ್ತು. ಕಂಪನಿಗಳು ಹತ್ತಾರು, ಅನಂತರ ನೂರಾರು ವಾಹಿನಿಗಳನ್ನು ಒಂದೇ ಗಂಟಾಗಿ ಕಟ್ಟಿ ಮಾರತೊಡಗಿದವು. ಒಂದು ಕ್ರೀಡಾ ವಾಹಿನಿ ಬೇಕಿದ್ದವನು ತಾನೆಂದೂ ನೋಡದ ಐವತ್ತು ವಾಹಿನಿಗಳಿಗೂ ಹಣ ತೆರಬೇಕಾಯಿತು. ಇದರ ಮೇಲೆ ಸೆಟ್ ಟಾಪ್ ಬಾಕ್ಸಿನ ಬಾಡಿಗೆ ಬೇರೆ. 2015ರಲ್ಲಿ ಅಮೆರಿಕದ ಇಬ್ಬರು ಸೆನೆಟರ್‌ಗಳು ಕಂಪನಿಗಳಿಂದ ಮಾಹಿತಿ ತರಿಸಿ ಲೆಕ್ಕ ಹಾಕಿದಾಗ, ಒಂದು ಕುಟುಂಬ ಬಾಕ್ಸಿನ ಬಾಡಿಗೆಗೆಂದೇ ವರ್ಷಕ್ಕೆ ಸರಾಸರಿ 231 ಡಾಲರ್ ಕೊಡುತ್ತಿರುವುದು ಬೆಳಕಿಗೆ ಬಂದಿತು. ಎಷ್ಟು ವರ್ಷ ಬಾಡಿಗೆ ಕಟ್ಟಿದರೂ ಬಾಕ್ಸ್ ಗಿರಾಕಿಯ ಸ್ವಂತದ್ದಾಗುತ್ತಿರಲಿಲ್ಲ. ಜನ ಕೇಬಲನ್ನು ಬಿಡಲು ದಾರಿ ಹುಡುಕುತ್ತಿದ್ದುದಕ್ಕೆ ಕಾರಣ ಇದೇ.

ಹೊಸ ಪೆಟ್ಟಿಗೆಯ ಜನನ

1997ರಲ್ಲಿ ರೀಡ್ ಹೇಸ್ಟಿಂಗ್ಸ್ ಮತ್ತು ಮಾರ್ಕ್ ರಾಂಡಾಲ್ಫ್ ಸ್ಥಾಪಿಸಿದ ನೆಟ್‌ಫ್ಲಿಕ್ಸ್ ಮೊದಲು ಡಿವಿಡಿಗಳನ್ನು ಅಂಚೆಯ ಮೂಲಕ ಬಾಡಿಗೆಗೆ ಕೊಡುವ ಸಂಸ್ಥೆಯಾಗಿತ್ತು. 2007ರಲ್ಲಿ ಅದು ಅಂತರ್ಜಾಲದ ಮೂಲಕ ಚಿತ್ರ ತೋರಿಸಲು ಆರಂಭಿಸಿತು. ಆದರೆ ಅದನ್ನು ಕಂಪ್ಯೂಟರ್ ಮುಂದೆ ಕುಳಿತು ನೋಡಬೇಕಿತ್ತು. ಅದನ್ನು ಟಿ.ವಿ.ಗೆ ತರಲು ನೆಟ್‌ಫ್ಲಿಕ್ಸ್ ತನ್ನೊಳಗೇ ಒಂದು ಪುಟ್ಟ ಪೆಟ್ಟಿಗೆಯನ್ನು ಸಿದ್ಧಪಡಿಸಿತು. ಅದರ ಹೊಣೆ ಹೊತ್ತವರು ಆಂಥನಿ ವುಡ್. ಪೆಟ್ಟಿಗೆ ಇನ್ನೇನು ಮಾರುಕಟ್ಟೆಗೆ ಬರಬೇಕು ಎನ್ನುವಾಗ ಹೇಸ್ಟಿಂಗ್ಸ್ ತಡೆದರು. ನಾವೇ ಯಂತ್ರ ಮಾರಿದರೆ ಬೇರೆ ಯಂತ್ರ ತಯಾರಕರು ನಮ್ಮ ಸೇವೆಯನ್ನು ತಮ್ಮಲ್ಲಿ ಸೇರಿಸಿಕೊಳ್ಳಲು ಹಿಂಜರಿಯುತ್ತಾರೆ ಎಂಬುದು ಅವರ ಆಲೋಚನೆ. ಹೀಗಾಗಿ ಆ ಕೆಲಸ ವುಡ್ ಅವರ ಸ್ವಂತ ಕಂಪನಿಯಾದ ರೋಕುವಿಗೆ ಹೋಯಿತು. 2008ರ ಮೇ ತಿಂಗಳಲ್ಲಿ ಸುಮಾರು 100 ಡಾಲರ್ ಬೆಲೆಗೆ ಮೊದಲ ರೋಕು ಪೆಟ್ಟಿಗೆ ಹೊರಬಂದಿತು.

ಅನಂತರ ಬೆಲೆ ಇಳಿಯುತ್ತ, ಗಾತ್ರ ಕುಗ್ಗುತ್ತ ಹೋಯಿತು. 2013ರ ಜುಲೈನಲ್ಲಿ ಗೂಗಲ್ ಕ್ರೋಮ್‌ಕಾಸ್ಟ್ 35 ಡಾಲರಿಗೆ ಬಂದಿತು. 2014ರಲ್ಲಿ ಅಮೆಜಾನ್ ಫೈರ್ ಟಿವಿ ಸ್ಟಿಕ್ 39 ಡಾಲರಿಗೆ. ವರ್ಷದ ಬಾಕ್ಸ್ ಬಾಡಿಗೆಯ ಆರನೆಯ ಒಂದು ಪಾಲಿಗೆ ಯಂತ್ರವೇ ಸ್ವಂತವಾಗುವಾಗ ಜನ ಸುಮ್ಮನಿರುತ್ತಾರೆಯೇ? ಅನೇಕರು ಕೇಬಲ್ ಕಡಿದುಹಾಕಿ, ಸ್ಥಳೀಯ ಸುದ್ದಿಗಾಗಿ ಅಜ್ಜನ ಕಾಲದ ಆಂಟೆನಾವನ್ನು ಮತ್ತೆ ಏರಿಸಿ, ಉಳಿದದ್ದಕ್ಕೆ ಈ ಸ್ಟಿಕ್ ಬಳಸತೊಡಗಿದರು.

ಇಲ್ಲಿ ವಿದ್ಯಾರ್ಥಿಗಳು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕೇಬಲ್‌ನಲ್ಲಿ ಎಲ್ಲ ವಾಹಿನಿಗಳೂ ಏಕಕಾಲಕ್ಕೆ ಬೇರೆ ಬೇರೆ ಆವರ್ತಾಂಕಗಳಲ್ಲಿ ಮನೆಯವರೆಗೂ ಬರುತ್ತವೆ. ನಾವು ಒಂದನ್ನು ಆರಿಸಿಕೊಳ್ಳುತ್ತೇವೆ. ಸ್ಟ್ರೀಮಿಂಗ್‌ನಲ್ಲಿ ನಾವು ಕೇಳಿದ್ದು ಮಾತ್ರ ಬರುತ್ತದೆ. ದೂರದ ಕಂಪ್ಯೂಟರಿನಲ್ಲಿರುವ ಚಿತ್ರವನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಮಾಡಿ ಒಂದೊಂದಾಗಿ ಕಳಿಸುತ್ತಾರೆ. ಸಾಧನ ಮುಂದಿನ ಕೆಲವು ತುಂಡುಗಳನ್ನು ಮೊದಲೇ ತರಿಸಿಟ್ಟುಕೊಳ್ಳುತ್ತದೆ. ಇಂಟರ್‌ನೆಟ್ ನಿಧಾನವಾದರೆ ಕಡಿಮೆ ಗುಣಮಟ್ಟದ ತುಂಡನ್ನು ಕೇಳುತ್ತದೆ. ಚಿತ್ರ ಮಸುಕಾಗುವುದು ಅದರಿಂದಲೇ. ಕೇಬಲ್‌ನಲ್ಲಿ ಎಷ್ಟು ಹೊತ್ತು ನೋಡಿದರೂ ಚಂದಾ ಒಂದೇ. ಇಲ್ಲಿ ಮಾತ್ರ ನೋಡಿದಷ್ಟೂ ಡೇಟಾ ಖರ್ಚಾಗುತ್ತದೆ.

ಬಿಲ್ಲು ಮರಳಿ ಬಂದಿತು

ಕೇಬಲ್‌ನ ಇತಿಹಾಸ ಇಲ್ಲಿ ಇನ್ನೊಂದು ರೂಪದಲ್ಲಿ ಮರುಕಳಿಸಿತು. ಸಾಧನ ಅಗ್ಗವಾಯಿತು, ಆದರೆ ಅದರೊಳಗಿನ ಸರಕು ತುಟ್ಟಿಯಾಯಿತು. ಮೊದಲು ಬಹುಪಾಲು ಚಿತ್ರಗಳು ಒಂದೆರಡು ಕಡೆ ಸಿಗುತ್ತಿದ್ದವು. 2019ರ ನವೆಂಬರ್‌ನಲ್ಲಿ ಡಿಸ್ನಿ ತನ್ನದೇ ಸೇವೆ ತೆರೆಯಿತು. ಉಳಿದ ಕಂಪನಿಗಳೂ ತಮ್ಮ ತಮ್ಮ ಅಂಗಡಿ ಇಟ್ಟವು. ಪ್ರತಿ ಅಂಗಡಿಗೂ ಬೇರೆ ಚಂದಾ. ಕೇಬಲ್‌ಗೆ ಬದಲಾಗಿ ಅಂತರ್ಜಾಲದ ಮೂಲಕ ವಾಹಿನಿಗಳ ಗಂಟನ್ನೇ ಕೊಡುವ ಯೂಟ್ಯೂಬ್ ಟಿವಿ 2017ರಲ್ಲಿ ಅಮೆರಿಕದಲ್ಲಿ ಆರಂಭವಾದಾಗ ತಿಂಗಳಿಗೆ 35 ಡಾಲರ್ ಇತ್ತು. 2025ರ ಜನವರಿಯಲ್ಲಿ ಅದು 82.99 ಡಾಲರಿಗೆ ಏರಿತು. ನೆಟ್‌ಫ್ಲಿಕ್ಸ್ 2022ರಲ್ಲಿ ಜಾಹೀರಾತು ಸಹಿತ ಯೋಜನೆ ತಂದಿತು. 2023ರಲ್ಲಿ ಒಂದೇ ಪಾಸ್‌ವರ್ಡನ್ನು ಬೇರೆ ಮನೆಯವರೊಡನೆ ಹಂಚಿಕೊಳ್ಳುವುದಕ್ಕೆ ಅಮೆರಿಕದಲ್ಲಿ ತಡೆ ಹಾಕಿತು.

ಆದರೂ ಜನ ಹಿಂದಿರುಗಲಿಲ್ಲ. ನೀಲ್ಸನ್ ಸಂಸ್ಥೆಯ ಅಳತೆಯಂತೆ 2022ರ ಜುಲೈನಲ್ಲಿ ಅಮೆರಿಕದ ಟಿ.ವಿ. ವೀಕ್ಷಣೆಯಲ್ಲಿ ಸ್ಟ್ರೀಮಿಂಗ್ ಪಾಲು ಮೊದಲ ಬಾರಿಗೆ ಕೇಬಲನ್ನು ಮೀರಿತು. 2025ರ ಮೇ ತಿಂಗಳಲ್ಲಿ ಅದು 44.8 ಶೇಕಡಾ ಮುಟ್ಟಿ, ಕೇಬಲ್ ಮತ್ತು ಗಾಳಿಯ ಪ್ರಸಾರ ಎರಡನ್ನೂ ಒಟ್ಟು ಸೇರಿಸಿದರೂ ಅದಕ್ಕಿಂತ ಮುಂದಾಯಿತು.

ಇನ್ನೊಂದು ಸಂಗತಿ. ಸಾಧನ ನಮ್ಮ ಕೈಯಲ್ಲಿದ್ದರೂ ಅದರ ಬೀಗದ ಕೈ ತಯಾರಕರ ಬಳಿ ಇರುತ್ತದೆ. ಗೂಗಲ್ 2024ರಲ್ಲಿ ಕ್ರೋಮ್‌ಕಾಸ್ಟ್ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. 2025ರ ಮಾರ್ಚ್‌ನಲ್ಲಿ ಎರಡನೆಯ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಒಳಗಿನ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದ ಕಾರಣ ಕೆಲವು ದಿನ ಕೆಲಸ ಮಾಡಲಿಲ್ಲ. ಕಂಪನಿ ದುರಸ್ತಿ ಕಳಿಸಿದ ಮೇಲಷ್ಟೇ ಸರಿಹೋದವು.

ನಮ್ಮ ನಾಡಿನಲ್ಲಿ

ಭಾರತದಲ್ಲಿ ಕಥೆಯ ಕ್ರಮ ಸ್ವಲ್ಪ ಬೇರೆ. ಇಲ್ಲಿ ದೂರದರ್ಶನ ವ್ಯಾಪಾರಕ್ಕಿಂತ ಮೊದಲು ಪಾಠವಾಗಿ ಹಳ್ಳಿಗೆ ಬಂದಿತು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ‘ಸೈಟ್’ ಎಂಬ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆಯಿತು. ನಮ್ಮ ರಾಜ್ಯದಲ್ಲಿ ಅಂದಿನ ಗುಲ್ಬರ್ಗ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ರೈತರಿಗೆ ಮತ್ತು ಊರಿನವರಿಗೆ ಕಾರ್ಯಕ್ರಮ. ಯಾರೂ ಚಂದಾ ಕಟ್ಟಬೇಕಿರಲಿಲ್ಲ.

ಖಾಸಗಿ ಕೇಬಲ್ ಊರು ತುಂಬಿದ್ದು 1991ರ ಕೊಲ್ಲಿ ಯುದ್ಧದ ಸುದ್ದಿ ಹಾಗೂ ಅದೇ ವರ್ಷ ಬಂದ ಸ್ಟಾರ್ ಟಿ.ವಿ.ಯ ನಂತರ. 1992ರಲ್ಲಿ ಜೀ ಟಿ.ವಿ., 1994ರಲ್ಲಿ ಕನ್ನಡದ ಉದಯ ಟಿ.ವಿ., 2001ರಲ್ಲಿ ಈಟಿವಿ ಉರ್ದು ಬಂದವು. ತಮ್ಮ ತಾಯಿನುಡಿಯನ್ನು ಪರದೆಯ ಮೇಲೆ ಕೇಳಿದ ಸಂತೋಷ ಜನರಿಗೆ ಕೇಬಲ್‌ನಿಂದಲೇ ದೊರೆಯಿತು ಎಂಬುದನ್ನು ಮರೆಯಬಾರದು. 1995ರಲ್ಲಿ ಕೇಬಲ್ ನಿಯಂತ್ರಣ ಕಾಯ್ದೆ ಜಾರಿಯಾಯಿತು. ಡಿಜಿಟಲ್ ಬಾಕ್ಸ್ ಕಡ್ಡಾಯಗೊಳಿಸಿದಾಗ ಎರಡನೆಯ ಹಂತದಲ್ಲಿ, 2013ರಲ್ಲಿ, ಬೆಂಗಳೂರು ಮತ್ತು ಮೈಸೂರು ಸೇರಿದವು. 2019ರ ಫೆಬ್ರವರಿಯಿಂದ ಟ್ರಾಯ್ ಸಂಸ್ಥೆಯ ಹೊಸ ನಿಯಮ ಬಂದಿತು: 100 ವಾಹಿನಿಗಳವರೆಗೆ 130 ರೂಪಾಯಿ ಮತ್ತು ತೆರಿಗೆ, ಅದರ ಮೇಲೆ ಬೇಕಾದ ವಾಹಿನಿಗೆ ಮಾತ್ರ ಅದರದರ ಬೆಲೆ. ಉದ್ದೇಶ ಒಳ್ಳೆಯದಾಗಿತ್ತು. ಆದರೆ ಬೇಕಾದುದನ್ನೆಲ್ಲ ಕೂಡಿಸಿದಾಗ ಅನೇಕ ಮನೆಗಳಲ್ಲಿ ಬಿಲ್ಲು ಹೆಚ್ಚಿತು.

ಅಷ್ಟರಲ್ಲಿ ಹೊಸ ಸಾಧನವೂ ಬಂದಿತ್ತು. ಕ್ರೋಮ್‌ಕಾಸ್ಟ್ 2014ರ ಡಿಸೆಂಬರ್‌ನಲ್ಲಿ 2,999 ರೂಪಾಯಿಗೆ, ಫೈರ್ ಟಿವಿ ಸ್ಟಿಕ್ 2017ರಲ್ಲಿ 3,999 ರೂಪಾಯಿಗೆ ಭಾರತಕ್ಕೆ ಬಂದವು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು. ಡಿಟಿಎಚ್ ಚಂದಾದಾರರ ಸಂಖ್ಯೆ 2020ರಲ್ಲಿ 7 ಕೋಟಿಯಷ್ಟಿದ್ದದ್ದು 2025ರ ಹೊತ್ತಿಗೆ 6 ಕೋಟಿಗಿಂತ ಕೆಳಗಿಳಿಯಿತು. ಆದರೆ ಇಲ್ಲಿಯೂ ‘ಉಚಿತ’ ಎಂಬುದು ಬಹುಕಾಲ ನಿಲ್ಲಲಿಲ್ಲ. 2023 ಮತ್ತು 2024ರಲ್ಲಿ ಐಪಿಎಲ್ ಪಂದ್ಯಗಳು ಜಿಯೋಸಿನಿಮಾದಲ್ಲಿ ಉಚಿತವಾಗಿದ್ದವು. 2025ರ ಫೆಬ್ರವರಿಯಲ್ಲಿ ಅದು ಹಾಟ್‌ಸ್ಟಾರ್ ಜೊತೆ ಒಂದಾದ ಮೇಲೆ, ಪೂರ್ತಿ ಪಂದ್ಯ ನೋಡಲು ಚಂದಾ ಅಥವಾ ಅದನ್ನೊಳಗೊಂಡ ರೀಚಾರ್ಜ್ ಬೇಕಾಯಿತು.

ಲೆಕ್ಕ ಹಾಕುವ ಬಗೆ

ಹಾಗಾದರೆ ಸ್ಟಿಕ್ ಕೊಳ್ಳಬೇಕೇ, ಬೇಡವೇ? ಒಂದು ಉದಾಹರಣೆ ನೋಡೋಣ. ಕೇಬಲ್‌ಗೆ ತಿಂಗಳಿಗೆ 300 ರೂಪಾಯಿ ಎಂದರೆ ವರ್ಷಕ್ಕೆ 3,600. ಸ್ಟಿಕ್‌ಗೆ 4,000 ಮತ್ತು ಆಪ್‌ಗಳ ಚಂದಾ ವರ್ಷಕ್ಕೆ 1,500 ಎಂದಿಟ್ಟುಕೊಳ್ಳಿ. ಮೊದಲ ವರ್ಷ ಸ್ಟಿಕ್ಕಿಗೇ ಹೆಚ್ಚು ಖರ್ಚು. ಎರಡು ವರ್ಷಕ್ಕೆ ಕೇಬಲ್ 7,200, ಸ್ಟಿಕ್ 7,000; ಅಂದರೆ ಸರಿಸಮ. ನಿಜವಾದ ಉಳಿತಾಯ ಮೂರನೆಯ ವರ್ಷದಿಂದ. ಮಕ್ಕಳ ಓದಿಗೋ ಕೆಲಸಕ್ಕೋ ಮನೆಯಲ್ಲಿ ಮೊದಲೇ ಬ್ರಾಡ್‌ಬ್ಯಾಂಡ್ ಇದ್ದರೆ ಮಾತ್ರ ಈ ಲೆಕ್ಕ ಸರಿ. ಟಿ.ವಿ.ಗೆಂದೇ ತಿಂಗಳಿಗೆ 500 ರೂಪಾಯಿಯ ಬ್ರಾಡ್‌ಬ್ಯಾಂಡ್ ಹಾಕಿಸಿದರೆ ವರ್ಷಕ್ಕೆ ಇನ್ನೂ 6,000 ಸೇರುತ್ತದೆ. ಉಳಿತಾಯದ ಮಾತೇ ಇಲ್ಲ. ಮೊಬೈಲ್ ಡೇಟಾದಿಂದ ನೋಡುತ್ತೇವೆ ಎನ್ನುವವರು ತಿಳಿಯಬೇಕಾದದ್ದು: ಸಾಧಾರಣ ಗುಣಮಟ್ಟದ ಚಿತ್ರಕ್ಕೆ ಗಂಟೆಗೆ ಸುಮಾರು 1 ಜಿಬಿ, ಎಚ್‌ಡಿ ಚಿತ್ರಕ್ಕೆ 3 ಜಿಬಿವರೆಗೆ ಬೇಕು. ದಿನಕ್ಕೆ ಒಂದೂವರೆ ಜಿಬಿಯ ರೀಚಾರ್ಜ್ ಅರ್ಧ ಗಂಟೆಯಲ್ಲಿ ಮುಗಿದುಹೋಗಬಹುದು.

ಬಡ ಮನೆಗಳಿಗೆ ಮೂರನೆಯ ದಾರಿಯೂ ಇದೆ. 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂದು ಆರಂಭವಾಗಿ ಈಗ ಡಿಡಿ ಫ್ರೀ ಡಿಶ್ ಎನಿಸಿಕೊಂಡಿರುವ ಸರ್ಕಾರಿ ಸೇವೆಗೆ ಮಾಸಿಕ ಚಂದಾ ಇಲ್ಲ. ತಟ್ಟೆ ಮತ್ತು ಬಾಕ್ಸ್ ಒಮ್ಮೆ ಕೊಂಡರಾಯಿತು. ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರ ಜುಲೈನಿಂದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಪ್ರಸಾರವಾದವು. ಸ್ಮಾರ್ಟ್‌ಫೋನ್ ಇಲ್ಲದ, ಡೇಟಾ ಹಾಕಿಸಲಾಗದ ಮನೆಯ ಮಕ್ಕಳಿಗೂ ಟಿ.ವಿ. ಇದ್ದರೆ ಆ ಪಾಠ ಸಿಕ್ಕಿತು. ಅದೇ ಪಾಠವನ್ನು ಸ್ಟಿಕ್ ಇದ್ದವರು ಯೂಟ್ಯೂಬ್‌ನಲ್ಲಿ ಬೇಕೆಂದಾಗ ಮತ್ತೆ ಮತ್ತೆ ನೋಡಬಹುದಿತ್ತು. ಒಂದರ ಗುಣ ಎಲ್ಲರನ್ನೂ ತಲುಪುವುದು, ಇನ್ನೊಂದರ ಗುಣ ಬೇಕಾದುದನ್ನು ಬೇಕಾದಾಗ ಕೊಡುವುದು. ಕೇಬಲ್ ತೆಗೆಸುವ ಮುನ್ನ ಮನೆಯ ಮಕ್ಕಳಿಗೆ ಇವೆರಡರಲ್ಲಿ ಯಾವುದು ಅಗತ್ಯ ಎಂದು ಯೋಚಿಸುವುದು ಒಳ್ಳೆಯದು. ಎಲ್ಲ ವಾಹಿನಿಗಳೂ ಪುಕ್ಕಟೆ ಎಂದು ಮಾರುವ ಕಳ್ಳ ಪೆಟ್ಟಿಗೆಗಳ ಗೊಡವೆಯಂತೂ ಬೇಡವೇ ಬೇಡ. ಅದು ಪರರ ದುಡಿಮೆಯ ಕಳವು, ಕಾನೂನಿಗೂ ವಿರುದ್ಧ.

ಮಹನೋಯ್ ಸಿಟಿಯ ತಂತಿಯಿಂದ ಇಂದಿನ ಸ್ಟಿಕ್‌ವರೆಗಿನ ಈ ಮುಕ್ಕಾಲು ಶತಮಾನದ ಇತಿಹಾಸದಿಂದ ನಾವು ಕಲಿಯಬೇಕಾದ ಪಾಠ ಒಂದೇ. ಹೊಸ ಸಾಧನ ಬಂದಾಗ ಅಗ್ಗವಾಗಿರುತ್ತದೆ. ಮನೆಯವರಿಗೆ ಅದು ಅಭ್ಯಾಸವಾದ ಮೇಲೆ ಅದರ ಬೆಲೆ ಗೊತ್ತಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಹಿರಿಯರ ಮಾತು ಇಲ್ಲಿಗೂ ಸಲ್ಲುತ್ತದೆ. ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಈ ವಾರ ಮನೆಯಲ್ಲಿ ಒಂದು ಕೆಲಸ ಮಾಡಿ. ಕೇಬಲ್, ರೀಚಾರ್ಜ್, ಆಪ್‌ಗಳ ಚಂದಾ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ವರ್ಷದ ಮೊತ್ತ ಕೂಡಿಸಿ. ಅದರ ಪಕ್ಕದಲ್ಲಿ ನಿಮ್ಮ ಪುಸ್ತಕಗಳಿಗೆ ಆದ ಖರ್ಚನ್ನು ಬರೆಯಿರಿ. ಆ ಹಾಳೆಯನ್ನು ತಂದೆ ತಾಯಿಯ ಮುಂದಿಟ್ಟು, ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಎಲ್ಲರೂ ಕುಳಿತು ತೀರ್ಮಾನಿಸಿ.