ಹೆಸರಿಲ್ಲದ ಪೂರ್ವಜನ ಶೋಧ

ವಂಶಮೂಲವನ್ನರಿಯುವ ಆಶೆ ಮನುಷ್ಯಮಾತ್ರರಿಗೆ ಸಹಜವಾದುದು. ನಮ್ಮಲ್ಲಿ ಮನೆಯ ಹಿರಿಯರನ್ನು ಕೇಳಿದರೆ ಮೂರು ನಾಲ್ಕು ತಲೆಮಾರಿನ ಹೆಸರುಗಳಾದರೂ ದೊರೆಯುವುವು. ಅಮೇರಿಕಾ ದೇಶದಲ್ಲಿ 1865ರ ವರೆಗೆ ಗುಲಾಮಗಿರಿಯಲ್ಲಿದ್ದವರ ಸಂತತಿಗಾದರೋ ಆ ಭಾಗ್ಯವು ಸುಲಭವಲ್ಲ. ಮುತ್ತಜ್ಜನನ್ನು ಅರಸಹೊರಟವರಿಗೆ ಸರಕಾರದ ಖಾನೇಷುಮಾರಿಯೇ ಮೊದಲ ಆಧಾರವು. 1890ರ ಪಟ್ಟಿಗಳು 1921ರ ಬೆಂಕಿಯಿಂದ ಬಹುಮಟ್ಟಿಗೆ ನಾಶವಾದುವು. 1880ರದರಲ್ಲಿ ಯಜಮಾನನೊಡನೆ ಪ್ರತಿಯೊಬ್ಬರ ಸಂಬಂಧವೂ, 1870ರದರಲ್ಲಿ ಹೆಸರು, ವಯಸ್ಸು, ಹುಟ್ಟಿದ ಸೀಮೆಯೂ ಬರೆಯಲ್ಪಟ್ಟಿರುವುವು.

ಅಲ್ಲಿಂದ ಹಿಂದಕ್ಕೆ ದಾರಿಯು ಕಡಿದುಹೋಗುವುದು. 1850 ಮತ್ತು 1860ರಲ್ಲಿ ಗುಲಾಮರಿಗೆ ಬೇರೆಯೇ ಪಟ್ಟಿ. ಅದರಲ್ಲಿ ಒಡೆಯನ ಹೆಸರಿನಡಿ ಬರಿಯ ವಯಸ್ಸು, ಗಂಡೋ ಹೆಣ್ಣೋ ಎಂಬುದು, ಮೈಬಣ್ಣ. ದನಕರುಗಳನ್ನೆಣಿಸಿದಂತೆಯೇ ಸರಿ! ಹೆಸರು ಕಾಣುವುದು ಬಲು ಅಪೂರ್ವ. ಆದುದರಿಂದ ಶೋಧಕನು 1870ರಲ್ಲಿ ಮೂವತ್ತೈದು ವರ್ಷದವನಾಗಿದ್ದವನನ್ನು, ಸಮೀಪದ ಭೂಮಾಲಿಕರ 1860ರ ಪಟ್ಟಿಗಳಲ್ಲಿ ಇಪ್ಪತ್ತೈದರವನೆಂದು ಹುಡುಕಬೇಕಾಗುವುದು. ಬಿಡುಗಡೆಯಾದವರೆಲ್ಲರೂ ಒಡೆಯನ ಮನೆತನದ ಹೆಸರನ್ನೇ ಧರಿಸಿದವರಲ್ಲ; ವಯಸ್ಸುಗಳೂ ಅನೇಕವೇಳೆ ಅಂದಾಜಿನವು. ಇಂಥ ಹೊಂದಿಕೆಯೊಂದನ್ನೇ ಪ್ರಮಾಣವೆಂದು ನಂಬುವುದು ನನಗೆ ಯುಕ್ತವಾಗಿ ತೋರದು. ಒಡೆಯನ ಮರಣಶಾಸನವನ್ನೂ, ಅವನ ಆಸ್ತಿಯ ಜಾಬಿತೆಯನ್ನೂ ನೋಡಲೇಬೇಕು. ಹೆಸರು ಸಿಕ್ಕುವುದಾದರೆ ಹೆಚ್ಚಾಗಿ ಅಲ್ಲಿಯೇ; ಅನೇಕ ಜಾಬಿತೆಗಳಲ್ಲಿ ಹೆಸರಿನ ಮುಂದೆ ಅವನ ಬೆಲೆಯೂ ಬರೆದಿರುವುದು.