ಆಪರೇಟಿಂಗ್ ಸಿಸ್ಟಂ ಡಿಸ್ಕ್, ಎಡಿಷನ್ ಮತ್ತು ಪ್ರಾಡಕ್ಟ್ ಕೀ: ನಾಗರಿಕರ ಮಾಹಿತಿಗಾಗಿ

ಸ್ವಂತ ಗಣಕಯಂತ್ರದಿಂದ ಆನ್‌ಲೈನ್ ಅರ್ಜಿ ಸಲ್ಲಿಸುವ ನಾಗರಿಕರು ತಮ್ಮ ಆಧಾರ್, ಬ್ಯಾಂಕ್ ಪಾಸ್‌ಪುಸ್ತಕ ಹಾಗೂ ಆದಾಯ ಪ್ರಮಾಣಪತ್ರಗಳ ಪ್ರತಿಗಳನ್ನು ಅದೇ ಯಂತ್ರದಲ್ಲಿ ಇರಿಸಿಕೊಂಡಿರುತ್ತಾರೆ. ಯಂತ್ರವು ಕೆಟ್ಟು ವಿಂಡೋಸ್ ಅನ್ನು ಮತ್ತೊಮ್ಮೆ ಹಾಕಿಸಬೇಕಾದಾಗ, ಡಿಸ್ಕ್ ಕಳೆದುಹೋಗಿದೆ ಎಂಬ ಕಾರಣಕ್ಕೆ ಅನೇಕರು ಹಣ ಕೊಟ್ಟು ಪಡೆದ ಪರವಾನಗಿಯನ್ನು ಕೈಬಿಟ್ಟು, ಅನಧಿಕೃತ ಪ್ರತಿಯನ್ನು ಹಾಕಿಸಿಕೊಳ್ಳುತ್ತಾರೆ. ಇದು ಅನಗತ್ಯವೂ ಅಪಾಯಕರವೂ ಆಗಿದೆ. ಈ ಕುರಿತು ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಡಿಸ್ಕ್ ಬೇರೆ, ಪರವಾನಗಿ ಬೇರೆ

ಡಿಸ್ಕ್ ಎಂಬುದು ಕಡತಗಳನ್ನು ಹೊತ್ತು ತರುವ ಸಾಧನ ಮಾತ್ರ. ಬಳಸುವ ಹಕ್ಕನ್ನು ನೀಡುವುದು ಪರವಾನಗಿ. ಆ ಹಕ್ಕನ್ನು ಗುರುತಿಸಲು ಪ್ರಾಡಕ್ಟ್ ಕೀ ಅಥವಾ ಡಿಜಿಟಲ್ ಪರವಾನಗಿ ಇರುತ್ತದೆ. ಆದುದರಿಂದ ಡಿಸ್ಕ್ ಕಳೆದರೆ ಹಕ್ಕು ಕಳೆಯುವುದಿಲ್ಲ. ಅಂತೆಯೇ ಡಿಸ್ಕ್ ಕೈಯಲ್ಲಿದ್ದ ಮಾತ್ರಕ್ಕೆ ಹಕ್ಕು ಬರುವುದಿಲ್ಲ. ವಿಂಡೋಸ್ 10 ಮತ್ತು 11ರ ಅನುಸ್ಥಾಪನಾ ಕಡತಗಳನ್ನು ಮೈಕ್ರೋಸಾಫ್ಟ್ ಸಂಸ್ಥೆಯ ಅಧಿಕೃತ ಜಾಲತಾಣದಿಂದಲೇ ಉಚಿತವಾಗಿ ಪಡೆದು, ಕನಿಷ್ಠ 8 ಜಿ.ಬಿ. ಸಾಮರ್ಥ್ಯದ ಪೆನ್‌ಡ್ರೈವ್‌ನಲ್ಲಿ ಸಿದ್ಧಪಡಿಸಿಕೊಳ್ಳಬಹುದು.

2. ಎಡಿಷನ್

2001ರಲ್ಲಿ ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿಯಲ್ಲಿ ಹೋಮ್ ಮತ್ತು ಪ್ರೊಫೆಷನಲ್ ಎಡಿಷನ್‌ಗಳಿಗೆ ಪ್ರತ್ಯೇಕ ಸಿ.ಡಿ.ಗಳಿದ್ದವು. ಒಂದರ ಕೀ ಮತ್ತೊಂದಕ್ಕೆ ಹೊಂದುತ್ತಿರಲಿಲ್ಲ. ಆ ದಿನಗಳಲ್ಲಿ ಕನ್ನಡ ಲಿಪಿಯ ಸೌಲಭ್ಯವನ್ನು ಸೇರಿಸಲು ಸಹ ಸಾಮಾನ್ಯವಾಗಿ ಆ ಸಿ.ಡಿ.ಯನ್ನೇ ಮತ್ತೆ ಹಾಕಬೇಕಾಗುತ್ತಿತ್ತು. ಡಿಸ್ಕನ್ನು ಜೋಪಾನ ಮಾಡಬೇಕೆಂಬ ರೂಢಿಗೆ ಇದೂ ಒಂದು ಕಾರಣ. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದಿಂದ ಒಂದೇ ಡಿ.ವಿ.ಡಿ.ಯಲ್ಲಿ ಹಲವು ಎಡಿಷನ್‌ಗಳನ್ನು ಅಡಕಗೊಳಿಸಿ, ಯಾವುದು ಸ್ಥಾಪನೆಯಾಗಬೇಕೆಂಬುದನ್ನು ಕೀ ನಿರ್ಧರಿಸುವ ಕ್ರಮ ಬಂದಿತು.

ಈಗಲೂ ಹೋಮ್ ಪರವಾನಗಿ ಇರುವ ಯಂತ್ರಕ್ಕೆ ಪ್ರೊ ಎಡಿಷನ್ ಹಾಕಿದಲ್ಲಿ ಅದು ಸಕ್ರಿಯಗೊಳ್ಳುವುದಿಲ್ಲ. ಆದ್ದರಿಂದ ದುರಸ್ತಿಗೆ ಕೊಡುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ತರುವಾಯ ಅಬೌಟ್ ಎಂಬಲ್ಲಿ ಎಡಿಷನ್‌ನ ಹೆಸರನ್ನು ನೋಡಿ ಬರೆದಿಟ್ಟುಕೊಳ್ಳತಕ್ಕದ್ದು.

3. ಪ್ರಾಡಕ್ಟ್ ಕೀ ಎಲ್ಲಿರುತ್ತದೆ?

ಕೀಯಲ್ಲಿ ತಲಾ ಐದರಂತೆ ಐದು ಗುಂಪುಗಳಲ್ಲಿ ಒಟ್ಟು 25 ಅಕ್ಷರ ಮತ್ತು ಅಂಕಿಗಳಿರುತ್ತವೆ. ಗೊಂದಲವನ್ನು ತಪ್ಪಿಸಲು ಸೊನ್ನೆ ಮತ್ತು ಒಂದು ಎಂಬ ಅಂಕಿಗಳನ್ನಾಗಲಿ, ಇಂಗ್ಲಿಷಿನ ‘ಓ’ ಮತ್ತು ‘ಐ’ ಅಕ್ಷರಗಳನ್ನಾಗಲಿ ಇದರಲ್ಲಿ ಬಳಸುವುದಿಲ್ಲ. ಮಾಸಿದ ಚೀಟಿಯಲ್ಲಿ ಇವು ಕಂಡಂತಾದರೆ ಮತ್ತೊಮ್ಮೆ ಓದಿ ನೋಡುವುದು.

ಅ) ಎಕ್ಸ್‌ಪಿಯಿಂದ ವಿಂಡೋಸ್ 7ರವರೆಗೆ: ಯಂತ್ರದೊಡನೆ ಬಂದ ಕೀ ಯಂತ್ರದ ಹೊರಮೈಗೆ ಅಂಟಿಸಿದ ಚೀಟಿಯಲ್ಲಿರುತ್ತದೆ.
ಆ) 2012ರ ವಿಂಡೋಸ್ 8ರ ನಂತರ: ಹೆಸರಾಂತ ಕಂಪನಿಗಳ ಯಂತ್ರಗಳಲ್ಲಿ ಕೀಯನ್ನು ಸಾಮಾನ್ಯವಾಗಿ ಮದರ್‌ಬೋರ್ಡ್‌ನಲ್ಲಿಯೇ ಅಡಕಗೊಳಿಸಲಾಗಿರುತ್ತದೆ. ಅದೇ ಎಡಿಷನ್ ಹಾಕಿದಲ್ಲಿ ಕೀಯನ್ನು ಕೈಯಿಂದ ನಮೂದಿಸಬೇಕಾಗಿಲ್ಲ.
ಇ) ವಿಂಡೋಸ್ 10 ಮತ್ತು 11: ಡಿಜಿಟಲ್ ಪರವಾನಗಿ ಇದ್ದಲ್ಲಿ ಅದೇ ಯಂತ್ರವು ಅಂತರಜಾಲಕ್ಕೆ ಸಂಪರ್ಕಗೊಂಡಾಗ ತಾನಾಗಿ ಸಕ್ರಿಯಗೊಳ್ಳುತ್ತದೆ.

4. ಖರೀದಿಸುವಾಗ ಗಮನಿಸಬೇಕಾದ ಅಂಶಗಳು

ಯಂತ್ರದೊಡನೆ ಬಂದ ಪರವಾನಗಿಯು ಆ ಯಂತ್ರಕ್ಕೇ ಸೀಮಿತವಾಗಿರುತ್ತದೆ. ಪ್ರತ್ಯೇಕವಾಗಿ ಕೊಂಡ ಚಿಲ್ಲರೆ ಪರವಾನಗಿಯನ್ನು ಹಳೆಯ ಯಂತ್ರದಿಂದ ತೆಗೆದು ಹೊಸ ಯಂತ್ರಕ್ಕೆ ವರ್ಗಾಯಿಸಬಹುದು. ಕೆಲವರು ಸಂಸ್ಥೆಗಳಿಗೆ ಸಾಮೂಹಿಕವಾಗಿ ನೀಡಿದ ಕೀಗಳನ್ನು ಬಿಡಿಯಾಗಿ ಅತಿ ಕಡಿಮೆ ದರಕ್ಕೆ ಮಾರುವುದುಂಟು. ಅಂತಹ ಕೀ ಇಂದು ಕೆಲಸ ಮಾಡಿದರೂ ಮುಂದೆ ರದ್ದಾಗಬಹುದು; ಕೊಂಡವರಿಗೆ ಪರವಾನಗಿ ದೊರೆತಂತಾಗುವುದಿಲ್ಲ. ಹಳೆಯ ಯಂತ್ರವನ್ನು ಕೊಳ್ಳುವವರು ಹಣ ಪಾವತಿಸುವ ಮೊದಲೇ ಸೆಟ್ಟಿಂಗ್ಸ್‌ನ ಆ್ಯಕ್ಟಿವೇಷನ್ ಪುಟವನ್ನು ಪರಿಶೀಲಿಸುವುದು ಸೂಕ್ತ. ರಸೀದಿಯನ್ನು ತಪ್ಪದೇ ಪಡೆಯತಕ್ಕದ್ದು.

5. ಅನಧಿಕೃತ ಪ್ರತಿಯ ಪರಿಣಾಮ

ಕೀ ಇಲ್ಲದೆ ಸಕ್ರಿಯಗೊಳಿಸುವ ತಂತ್ರಾಂಶಗಳನ್ನು ಬಳಸಲು ಸಾಮಾನ್ಯವಾಗಿ ಆ್ಯಂಟಿವೈರಸ್ ಅನ್ನು ನಿಲ್ಲಿಸುವಂತೆ ಸೂಚಿಸಲಾಗುತ್ತದೆ. ಇದರಿಂದ ಪಾಸ್‌ವರ್ಡ್ ಕದಿಯುವ ತಂತ್ರಾಂಶಗಳು ಯಂತ್ರವನ್ನು ಸೇರಲು ದಾರಿಯಾಗುತ್ತದೆ. ಅಲ್ಲದೆ, ಕೃತಿಸ್ವಾಮ್ಯ ಅಧಿನಿಯಮ, 1957ರ 63ಬಿ ಪ್ರಕರಣದ ಅನ್ವಯ, ಅನಧಿಕೃತ ಪ್ರತಿಯೆಂದು ತಿಳಿದೂ ಬಳಸುವುದು ಅಪರಾಧವಾಗಿದ್ದು, 7 ದಿನಗಳಿಂದ 3 ವರ್ಷಗಳವರೆಗೆ ಕಾರಾವಾಸ ಹಾಗೂ 50,000 ರೂ.ಗಳಿಂದ 2 ಲಕ್ಷ ರೂ.ಗಳವರೆಗೆ ಜುಲ್ಮಾನೆಗೆ ಅವಕಾಶವಿದೆ. ವ್ಯಾಪಾರ ಅಥವಾ ಲಾಭಕ್ಕಾಗಿ ಬಳಸಿರದ ಸಂದರ್ಭದಲ್ಲಿ ನ್ಯಾಯಾಲಯವು ಕಾರಾವಾಸವನ್ನು ವಿಧಿಸದೆ, 50,000 ರೂ.ಗಳವರೆಗಿನ ಜುಲ್ಮಾನೆಯನ್ನು ಮಾತ್ರ ವಿಧಿಸಬಹುದು.

6. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ವಿಂಡೋಸ್ 7ರ ಡಿಸ್ಕ್ ಮತ್ತು ಕೀ ನನ್ನಲ್ಲಿದೆ. ಬಳಸಬಹುದೇ?
ಉತ್ತರ: ಬಳಸುವುದು ಸುರಕ್ಷಿತವಲ್ಲ. ಎಕ್ಸ್‌ಪಿಯ ಭದ್ರತಾ ಬೆಂಬಲ 2014ರ ಏಪ್ರಿಲ್ 8ರಂದು, ವಿಂಡೋಸ್ 7ರದು 2020ರ ಜನವರಿ 14ರಂದು, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿವೆ.

ಪ್ರಶ್ನೆ: ನನ್ನ ಯಂತ್ರ ವಿಂಡೋಸ್ 11ಕ್ಕೆ ಅರ್ಹವಲ್ಲ. ಹೊಸ ಯಂತ್ರ ಕೊಳ್ಳುವ ಶಕ್ತಿಯಿಲ್ಲ. ಏನು ಮಾಡಬೇಕು?
ಉತ್ತರ: ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಂಗಳನ್ನು ಪರಿಶೀಲಿಸಬಹುದು. ಭಾರತ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯು ಅಭಿವೃದ್ಧಿಪಡಿಸಿದ ಬಾಸ್ ಲಿನಕ್ಸ್, ಹಾಗೂ ಉಬುಂಟು ಮುಂತಾದವು ಉಚಿತವಾಗಿ ದೊರೆಯುತ್ತವೆ. ಪ್ರಾಡಕ್ಟ್ ಕೀ ಬೇಕಿಲ್ಲ. ಕನ್ನಡದಲ್ಲಿ ಟೈಪ್ ಮಾಡಬಹುದು. ಆದರೆ ತಮ್ಮ ಪ್ರಿಂಟರ್, ಸ್ಕ್ಯಾನರ್ ಹಾಗೂ ಡಿಜಿಟಲ್ ಸಹಿಯ ಟೋಕನ್ ಅದರಲ್ಲಿ ಕೆಲಸ ಮಾಡುವುದೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು.

ವಿಶೇಷ ಸೂಚನೆ: ಯಂತ್ರವನ್ನು ದುರಸ್ತಿಗೆ ನೀಡುವ ಮುನ್ನ ಎಡಿಷನ್‌ನ ಹೆಸರು, ಕೀ ಚೀಟಿಯ ಛಾಯಾಚಿತ್ರ ಮತ್ತು ಖರೀದಿ ರಸೀದಿ ಈ ಮೂರನ್ನು ಒಂದೆಡೆ ಇರಿಸಿಕೊಳ್ಳುವುದು. ದಾಖಲೆಗಳ ಪ್ರತಿಗಳನ್ನು ಬೇರೆ ಪೆನ್‌ಡ್ರೈವ್‌ಗೆ ವರ್ಗಾಯಿಸಿಕೊಳ್ಳುವುದು. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.