ಲೇಖಕನ ಕೈಯಿಂದ ಓದುಗನ ಕೈಗೆ

ಗ್ರಂಥವನ್ನು ರಚಿಸುವುದಕ್ಕಿಂತ ಅದನ್ನು ಓದುಗರಿಗೆ ಮುಟ್ಟಿಸುವುದೇ ಕಷ್ಟತರವಾದ ಕಾರ್ಯವೆಂಬುದಕ್ಕೆ ಉತ್ತರ ಕರ್ನಾಟಕದ ಇಬ್ಬರು ಹಿರಿಯರ ಜೀವನವೇ ಸಾಕ್ಷಿ.

ಗಳಗನಾಥರೆಂದು ಖ್ಯಾತರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ವೃತ್ತಿಯಿಂದ ಶಿಕ್ಷಕರು. ಮರಾಠಿಯ ಪ್ರಾಬಲ್ಯವಿದ್ದ ಅಂದಿನ ಮುಂಬಯಿ ಕರ್ನಾಟಕದಲ್ಲಿ ಕನ್ನಡ ಪುಸ್ತಕವನ್ನು ಕೊಳ್ಳುವವರೇ ವಿರಳ. ಆದುದರಿಂದ ಅವರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು, ಊರೂರು ಅಲೆದು, ಮನೆಮನೆಯ ಬಾಗಿಲಲ್ಲಿ ನಿಂತು ಮಾರಿದರು. ಆ ನಾಡಿನಲ್ಲಿ ಕನ್ನಡ ಓದಿನ ಅಭಿರುಚಿ ಬೆಳೆದುದರಲ್ಲಿ ಆ ಅಲೆದಾಟದ ಪಾಲು ದೊಡ್ಡದು.

ವಿಜಾಪುರದ ವಕೀಲರಾಗಿದ್ದ ಡಾ. ಫ. ಗು. ಹಳಕಟ್ಟಿಯವರದೂ (1880–1964) ಇಂತಹುದೇ ಸಾಹಸ. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಿತು. 1925ರಲ್ಲಿ ತಮ್ಮ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನಾರಂಭಿಸಿದರು. ತಾಳೆಗರಿಗಳಲ್ಲಿ ಹುದುಗಿದ್ದ ಎಷ್ಟೋ ವಚನಗಳು ಅಚ್ಚಾಗಿ ನಮ್ಮ ಕೈಸೇರಿದುದು ಈ ತ್ಯಾಗದ ಫಲ.

ಇಂದು ಅಂತರ್ಜಾಲದ ಬೃಹತ್ ಮಳಿಗೆಗಳು ದೂರದ ಹಳ್ಳಿಗೂ ಪುಸ್ತಕವನ್ನು ತಲುಪಿಸುತ್ತಿವೆ. ಈ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಬೆಲೆಯಲ್ಲೊಂದು ಪಾಲು ಅಲ್ಲಿಯೇ ಉಳಿಯುತ್ತದೆ. ತನ್ನ ಓದುಗನಾರೆಂಬುದೂ ಲೇಖಕನಿಗೆ ತಿಳಿಯದೆ ಹೋಗುತ್ತದೆ. ಸ್ವಂತ ಹಣದಿಂದ ಅಚ್ಚುಹಾಕಿಸಿದವನಿಗಂತೂ ಮುಂದಿನ ಗ್ರಂಥದ ಕಾಗದ, ಮುದ್ರಣದ ವೆಚ್ಚ ಆ ಪಾಲಿನಿಂದಲೇ ಒದಗಬೇಕು. ಅಂಥವನಿಗೆ ನೇರವಾಗಿ ಪತ್ರ ಬರೆದು, ಅಂಚೆವೆಚ್ಚ ಸಹಿತ ಪೂರ್ಣಬೆಲೆಯನ್ನು ಕಳುಹಿಸಿ ಪುಸ್ತಕವನ್ನು ತರಿಸಿಕೊಳ್ಳುವುದು ದಾನವಲ್ಲ, ಕಾಯಕಕ್ಕೆ ಸಲ್ಲಬೇಕಾದ ನ್ಯಾಯವಾದ ಪ್ರತಿಫಲ.

ಗಳಗನಾಥರು ನಮ್ಮ ಬಾಗಿಲಿಗೆ ಬಂದರು. ಈಗ ಲೇಖಕನ ಬಾಗಿಲಿಗೆ ನಾವು ಹೋಗಬೇಕಾಗಿದೆ.